ನಮ್ಮ ಮನ್ಯಾಗ ಎಷ್ಟು ಓಟು?



1986ರಲ್ಲಿ ನಮ್ಮ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಬಿದ್ದಾಗ ಅಶೋಕನ ಶಾಸನ ಸಿಕ್ಕಿತು, ನಿಮಗೆಲ್ಲ ಗೊತ್ತೇ ಇದೆ. ಜನರೆಲ್ಲ ತನ್ನ ಮಕ್ಕಳು ಎಂದು ರಾಜ ಅದರಲ್ಲಿ ಬರೆಸಿದ್ದಾನೆ. ಸರ್ ಇದನ್ನು ಹೇಳಿದಾಗ ನನಗೆ ನಗು ಬಂತು. ಹಂಗಾದರೆ ಆಗ ನಮ್ಮ ಆಯಿಯಂಥ ಮುದುಕಿಯೂ ಮಗುವೇ! ಯಾರಿಗೂ ಓಟು ಇರಲಿಲ್ಲ. ಈಗ ಆಯಿಗೆ ಓಟು ಇದೆ, ಅಕ್ಕನಿಗಿಲ್ಲ.

2024ರ ಲೋಕಸಭಾ ಚುನಾವಣೆಗೆ ಮುಂಚೆ ಪ್ರಚಾರದವರು ನಮ್ಮ ಮನೆಗೆ ಬಂದಿದ್ದರು. "ಮನ್ಯಾಗ ಎಷ್ಟ್ ಓಟ್ ಅದಾವ್ರಿ?" ಅಂದರು. ಅಪ್ಪ, ಅವ್ವ, ಆಯಿ, ಮೂರು. ಅಷ್ಟೇ ಬರೆದುಕೊಂಡರು. ಅಕ್ಕ ಆಗಷ್ಟೇ ಹತ್ತನೆಯ ಪರೀಕ್ಷೆ ಬರೆದಿದ್ದಳು, ಹದಿನಾರು ವರ್ಷ. ಬಾಗಿಲಲ್ಲಿ ನಿಂತು, "ಕಾಲೇಜಿಗಿ ಹೋಗ್ಲಾಕ ಮುಂಜಾನಿ ಬಸ್ ಸರಿಯಾಗಿ ಬರಬೇಕ್ರಿ" ಅಂದಳು. ಅವರಲ್ಲೊಬ್ಬರು, "ನಿಂದು ಓಟ್ ಅದನವ್ವಾ?" ಅಂದರು. "ಇಲ್ರಿ." ನಕ್ಕು ಮುಂದಿನ ಮನೆಗೆ ಹೋದರು. ಅಕ್ಕ ಒಳಗೆ ಹೋಗಿ ರೊಟ್ಟಿ ಬಡಿಯಲಿಕ್ಕೆ ಕುಂತಳು. ಅವತ್ತು ಸಪ್ಪಳ ಭಾಳ ಜೋರಿತ್ತು.

ನಮ್ಮ ದೇಶದಲ್ಲಿ ಮೊದಲು 21 ವರ್ಷವಾದವರಿಗೆ ಮಾತ್ರ ಓಟು ಇತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಅದು 18 ಆಯಿತು. ಅಂದರೆ ಇದು ಕಲ್ಲಿನ ಮೇಲಿನ ಅಕ್ಷರವಲ್ಲ. ಬ್ರೆಜಿಲ್ ದೇಶದಲ್ಲಿ 1988ರಿಂದ, ಆಸ್ಟ್ರಿಯಾದಲ್ಲಿ 2007ರಿಂದ 16ಕ್ಕೇ ಓಟು ಹಾಕಬಹುದು.

"ಹಂಗಾದ್ರ ನಿನಗೂ ಕೊಡಬೇಕೇನು?" ಎಂದು ಸರ್ ಕೇಳಿದರು. ಬ್ಯಾಡ್ರಿ ಅಂದೆ. ನಿಜ ಹೇಳಿಬಿಡುತ್ತೇನೆ, ಯಾರೂ ಬೈಯಬೇಡಿ. ಹೋದ ವರ್ಷ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನಾನು ಶೇಂಗಾ ಚಿಕ್ಕಿ ಕೊಟ್ಟವನಿಗೇ ಓಟು ಹಾಕಿದೆ. ಅವನು ನೀರಿನ ಮಂತ್ರಿಯಾದ. ಹರವಿ ಅರ್ಧ ದಿನ ಖಾಲಿಯೇ ಇರುತ್ತಿತ್ತು. ಅದಕ್ಕೆ ನಾನೂ ಕಾರಣ. ಆದರೆ ಅಕ್ಕ ಹಂಗಲ್ಲ. ಪೇಪರ್ ಓದುತ್ತಾಳೆ, ಆಯಿಯ ಪಿಂಚಣಿ ಅರ್ಜಿ ತುಂಬಿದ್ದೂ ಅವಳೇ. ದೊಡ್ಡವರು ಎಲ್ಲರೂ ವಿಚಾರ ಮಾಡಿಯೇ ಓಟು ಹಾಕುತ್ತಾರೇನು? (ಇದನ್ನು ಅಪ್ಪನಿಗೆ ತೋರಿಸಬೇಡಿ.)

ಈಗ ಅಕ್ಕ ಪಿಯುಸಿ ಓದುತ್ತಿದ್ದಾಳೆ. ಮುಂಜಾನೆ ಬಸ್ಸು ಬರದ ದಿನ ರಸ್ತೆಯಲ್ಲಿ ನಿಂತು ನಿಂತು ಚೀಲ ಹೊತ್ತು ಮನೆಗೆ ಬರುತ್ತಾಳೆ. ಅವಳಿಗೆ ಓಟು ಬರುವಷ್ಟರಲ್ಲಿ ಅವಳ ಕಾಲೇಜೇ ಮುಗಿದಿರುತ್ತದೆ. ಆಮೇಲೆ ಅದೇ ಬಸ್ಸಿಗೆ ನಾನು ನಿಲ್ಲಬೇಕು. ನನಗೂ ಆಗ ಓಟು ಇರುವುದಿಲ್ಲ. ಬಸ್ಸು ಹತ್ತುವವರು ಯಾವಾಗಲೂ ಓಟಿಲ್ಲದವರೇ.

ಓಟಿಲ್ಲದ ನಮಗೆ ಮಕ್ಕಳ ಗ್ರಾಮಸಭೆ ಒಂದಿದೆ. ನಮ್ಮ ರಾಜ್ಯದಲ್ಲಿ 2006ರಿಂದ ಇದನ್ನು ನಡೆಸಬೇಕೆಂದು ಸರ್ಕಾರದ ಆದೇಶವಿದೆ. ಅಲ್ಲಿ ಕೈ ಎತ್ತಿದೆ. ಕಾಲು ನಡುಗುತ್ತಿದ್ದವು. "ಮುಂಜಾನಿ ಬಸ್ ದಿನಾ ಬರಬೇಕ್ರಿ" ಅಂದೆ. ಬರೆದುಕೊಳ್ಳುವವರು ತಲೆ ಅಲ್ಲಾಡಿಸಿದರು. ಸಭೆ ಮುಗಿದ ಮೇಲೆ ನಾನು ಹೋಗಿ ಅವರ ವಹಿ ಇಣುಕಿ ನೋಡಿದೆ. "ಬಸ್ಸು" ಎಂದಷ್ಟೇ ಇತ್ತು. "ಎಷ್ಟಕ್ಕ ಅಂತ ಬರೀರಿ ಸರ್, ಆರೂ ಮುಕ್ಕಾಲು" ಅಂದೆ. ನನ್ನ ಮುಖ ನೋಡಿ, ಪೆನ್ನು ತೆಗೆದು ಅದನ್ನೂ ಬರೆದರು.