ಥರ್ಮಾಮೀಟರ್ ಹಿಡಿದ ಗಂಡ

ಧೈರ್ಯ ಹೇಳೋಕೆ ನೆಂಟರಿದ್ದಾರೆ. ಹೆಂಡತಿಗೆ ಕೀಮೋ ನಡೆಯುವಾಗ ಗಂಡ ಕಲಿಯಬೇಕಾದದ್ದು ಥರ್ಮಾಮೀಟರ್ ನೋಡೋದು. ಔಷಧ ಹೋದ ಒಂದೆರಡು ವಾರದೊಳಗೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರಾ ಕಡಿಮೆಯಾಗುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಲೇಬೇಕು. ಡೋಲೋ ನುಂಗಿಸಿ ಬೆಳಿಗ್ಗೆ ನೋಡೋಣ ಅನ್ನುವ ನಮ್ಮ ಹಳೇ ಚಾಳಿ ಇಲ್ಲಿ ಜೀವಕ್ಕೇ ಅಪಾಯ.

ಇನ್ನು ಅಡುಗೆಮನೆ. ಇಂಗಿನ ಒಗ್ಗರಣೆ ಚಟಪಟ ಅಂದರೆ ಸಾಕು, ನನ್ನ ಹೆಂಡತಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಯೆಲ್ಲ ಕಬ್ಬಿಣ ಅಂತ ಸ್ಟೀಲ್ ಚಮಚ ಮುಟ್ಟುತ್ತಿರಲಿಲ್ಲ. ತಣ್ಣಗಾದ ರಾಗಿ ಅಂಬಲಿ ಮಾತ್ರ ಒಳಗೆ ಹೋಗುತ್ತಿತ್ತು. ಅದೂ ನಾನು ಎದುರಿಗೆ ಕೂತು ಲೋಟವನ್ನೇ ನೋಡುತ್ತಾ ಇರದಿದ್ದರೆ!

ನೋಡಲು ಬಂದವರು ಸೇಬಿನ ಜೊತೆ ಯಾವುದೋ ಬೇರು, ಕಷಾಯ, ವಾಟ್ಸ್ಆ್ಯಪ್ ವಿಡಿಯೋ ತರುತ್ತಾರೆ. ಅವರ ಪ್ರೀತಿಗೆ ನಮಸ್ಕಾರ. ಡಾಕ್ಟರನ್ನು ಕೇಳದೆ ಕಷಾಯ ಮಾತ್ರ ಬೇಡ.

ನನಗೆ ಹೆಚ್ಚು ಕಷ್ಟ ಅನ್ನಿಸಿದ್ದು ಚಿಕಿತ್ಸೆ ಮುಗಿದ ಮೇಲಿನ ತಿಂಗಳುಗಳು. ಕೂದಲು ಬಂತಲ್ಲ, ಎಲ್ಲ ಸರಿಹೋಯ್ತು ಅಂತ ಫೋನುಗಳು ನಿಂತವು. ಇವಳಿಗೋ ನಾಲ್ಕು ಬಟ್ಟೆ ಮಡಚಿದರೆ ಕೂರಬೇಕು. ನಿದ್ದೆ ಮಾಡಿದರೂ ಹೋಗದ ಸುಸ್ತು ಅದು. ದಿನಾ ಒಂದಿಷ್ಟು ನಡೆದರೆ ಕಡಿಮೆಯಾಗುತ್ತೆ ಅಂತ ಡಾಕ್ಟರ್ ಹೇಳಿದ್ದಕ್ಕೆ ಸಂಜೆ ಹಾಲು ತರೋ ನೆಪದಲ್ಲಿ ಹೊರಡಿಸುತ್ತೇನೆ. ಮುಂದಿನ ಸ್ಕ್ಯಾನ್ ಮಾತು ಇಬ್ಬರೂ ಎತ್ತುವುದಿಲ್ಲ. ಪಕ್ಕದ ಮನೆಯವರು ತಂದ ಹೊಸ ನಾಯಿ ಬೊಗಳುವುದೇ ಇಲ್ಲ, ಅಂಥದನ್ನು ಯಾಕೆ ಸಾಕಬೇಕು ಅಂತ ಇವಳ ವಾದ ದಾರಿಯುದ್ದಕ್ಕೂ ನಡೆದಿರುತ್ತೆ.