ಕುಮೆ ದ್ವೀಪದ ಆಯುಧಗುರು

ಓಕಿನಾವಾದ ನಾಹಾ ಬಂದರಿನಲ್ಲಿ ಹಡಗು ಹತ್ತಿದರೆ, ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಕುಮೆ ದ್ವೀಪ. ಎತ್ತ ನೋಡಿದರೂ ಕಬ್ಬಿನ ಹೊಲ. ಊರೊಳಗೆ ರೇಷ್ಮೆಯ ಮಗ್ಗ. ನಾನು ಹೋದದ್ದು ಮಾತ್ರ 1897ರಲ್ಲಿ ಅಲ್ಲಿ ಹುಟ್ಟಿದ ತೈರಾ ಶಿಂಕೆನ್ ಎಂಬ ಗುರುವಿನ ಸಲುವಾಗಿ.

ನಮ್ಮ ಮಕ್ಕಳು ಕಲಿಯುವ ಬರಿಗೈ ಕರಾಟೆಗೆ ಓಕಿನಾವಾದಲ್ಲಿ ಒಡಹುಟ್ಟಿದ ಆಯುಧವಿದ್ಯೆಯೊಂದಿದೆ, ಹೆಸರು ಕೊಬುಡೊ. ಆಯುಧವೆಂದರೆ ಆರಡಿ ಕೋಲು, ಕುಡುಗೋಲು, ದೋಣಿಯ ಹುಟ್ಟು! ಮನೆಯ ಮೂಲೆಯ ಸಾಮಾನೇ ಎನ್ನಿ.

ಹೊಟ್ಟೆಪಾಡಿಗೆ ಗಣಿ ಸೇರಿದ ತೈರಾ ಅಲ್ಲಿ ಕಾಲಿಗೆ ಬಲವಾದ ಪೆಟ್ಟು ತಿಂದರು. 1922ರಲ್ಲಿ ಟೋಕಿಯೋಗೆ ಹೋಗಿ ಫುನಕೋಶಿ ಗಿಚಿನ್ ಅವರಲ್ಲಿ ಕರಾಟೆ ಕಲಿತರು. ಈ ಫುನಕೋಶಿಯವರೂ ಓಕಿನಾವಾದವರೇ, ಊರಿನಲ್ಲಿ ಶಾಲಾ ಮೇಷ್ಟರು. ಟೋಕಿಯೋದಲ್ಲಿ ತಮ್ಮ ನಾಡಿನ ಹುಡುಗರ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು, ಅಂಗಳ ಗುಡಿಸಿ, ಉಳಿದ ಹೊತ್ತಿನಲ್ಲಿ ಪಾಠ ಹೇಳುತ್ತಿದ್ದರು. ಪರಸ್ಥಳದ ಕನ್ನಡಿಗರಾದ ನಮಗೆ ಇಂಥ ಮೇಷ್ಟರ ಗುರುತು ಹೇಳಬೇಕಿಲ್ಲವಷ್ಟೆ.

ಆಯುಧಗಳನ್ನು ತೈರಾ 1929ರಿಂದ ಯಾಬಿಕು ಮೋದೆನ್ ಅವರ ಬಳಿ ಕಲಿತರು. ಪಾಠವೆಲ್ಲ ಇರುವುದು ‘ಕಾತಾ’ ಎಂಬ ಹೆಜ್ಜೆ-ಹೊಡೆತಗಳ ಕಟ್ಟಿನಲ್ಲಿ. ಬಲ್ಲವರು ಹೋದರೆ ಅದೂ ಹೋಯಿತು. 1945ರ ಯುದ್ಧದಲ್ಲಿ ಓಕಿನಾವಾದ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ಮಡಿದರು. ಉಳಿದ ತೈರಾ, 40ಕ್ಕೂ ಹೆಚ್ಚು ಕಾತಾಗಳನ್ನು ಒಟ್ಟುಗೂಡಿಸಿದರು; ಅದೂ ಆ ಕಾಲಿನಲ್ಲೇ! 1955ರಲ್ಲಿ ಸಂರಕ್ಷಣಾ ಸಂಘ ಕಟ್ಟಿ, 1964ರಲ್ಲಿ ಪುಸ್ತಕ ತಂದು, 1970ರಲ್ಲಿ ತೀರಿಕೊಂಡರು.

ಹಿಂದಿರುಗುವಾಗ ಕಬ್ಬಿನ ಹೊಲದ ಬದುವಿನಲ್ಲಿ ಮುದುಕರೊಬ್ಬರು ಕುಡುಗೋಲು ಮಸೆಯುತ್ತಿದ್ದರು. ನಾನು ತುಸು ದೂರದಿಂದಲೇ ನಮಸ್ಕರಿಸಿದೆ.