ಖಡಿ ಒಡೆಯುವವರು ನೋಡಿದ ಸಿನೆಮಾ

ನಮ್ಮ ವಿಜಾಪುರದ ಕಡೆಯವರಿಗೆ ಯಾವ ಸುದ್ದಿ ಹೇಳಬೇಕಾದರೂ ಮೊದಲು ಮಳೆಯ ಸುದ್ದಿ ಹೇಳಿಯೇ ಮುಂದೆ ಹೋಗಬೇಕು. ಮದುವೆ ಯಾವಾಗಾಯಿತು ಎಂದರೆ ‘ಉತ್ತರಿ ಮಳಿ ಛಲೋ ಆದ ವರ್ಷ’, ಮಗ ಯಾವಾಗ ಹುಟ್ಟಿದ ಎಂದರೆ ‘ಡೋಣಿ ಹೊಳಿ ಬಂದು ಬದುವು ಒಡದ ವರ್ಷ’. ತಾರೀಖು ಯಾರಿಗೆ ಬೇಕು? ನಾನೀಗ ಹೇಳಹೊರಟಿರುವುದು ಮಳೆಯೇ ಬಾರದ ವರ್ಷದ್ದು. ಪುಸ್ತಕದವರು 1972ರ ಬರ ಅಂತ ಬರೆಯುತ್ತಾರೆ. ನಮ್ಮೂರಿನಲ್ಲಿ ಅದು ಖಡಿ ಒಡೆದ ವರ್ಷ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಕರ್ನಾಟಕ ಅನ್ನುವ ಹೆಸರು ಬಂದದ್ದು ಮರುವರ್ಷದ ನವೆಂಬರಿನಲ್ಲಿ. ನಾನು ಮೂರನೇ ಇಯತ್ತೆಯೋ ನಾಲ್ಕನೆಯದೋ ಇದ್ದೆ.

ಎರಿ ಹೊಲದ ಸೀಮೆ ನಮ್ಮದು. ಕರಿಮಣ್ಣು ಒಮ್ಮೆ ಹಸಿ ಹಿಡಿದರೆ ಸಾಕು, ಹಿಂಗಾರಿಯ ಬಿಳಿಜೋಳ ಚಳಿಗಾಲದ ಇಬ್ಬನಿ ಕುಡಿದೇ ಆಳೆತ್ತರ ನಿಲ್ಲುತ್ತದೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹೊಳೆಯ ನೀರು ಮಾತ್ರ ಸವಳು, ಬಾಯಿಗೆ ಹಾಕಲು ಬರುವುದಿಲ್ಲ. ಆ ವರ್ಷ ಮುಂಗಾರಿ ಕೈಕೊಟ್ಟಿತು. ಹಿಂಗಾರಿಯಾದರೂ ಆದೀತು ಅಂತ ಕಾದರೆ ಹಸ್ತ, ಚಿತ್ತಿ ಎರಡೂ ಮೋಡ ತೋರಿಸಿ ಮುಂದಿನ ಊರಿಗೆ ಹೋದವು. ಮುಂದಿನ ಊರಿನವರೂ ಹಾಗೇ ಹೇಳುತ್ತಿದ್ದರು. ಕೂರಿಗೆಯನ್ನು ಯಾರೂ ಹೊರಗೆ ತೆಗೆಯಲೇ ಇಲ್ಲ. ಹೊಲ ಬಿರುಕು ಬಿಟ್ಟಿತು. ಎರಿ ಹೊಲದ ಬಿರುಕು ನೋಡಿದವರಿಗೇ ಗೊತ್ತು, ಹುಡುಗನ ಕಾಲು ತೊಡೆಯತನಕ ಇಳಿಯುತ್ತದೆ. ನಾವು ಅದರೊಳಗೆ ಗೋಲಿ ಬಿಟ್ಟು, ನೆಲಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದೆವು. ಪಾತಾಳ ಮುಟ್ಟಿತು ಅಂತ ಒಬ್ಬ, ಇನ್ನೂ ಹೊಂಟೈತಿ ಅಂತ ಇನ್ನೊಬ್ಬ. ನಮ್ಮ ಆಯಿ ಹಾದು ಹೋಗುವಾಗ ನೋಡಿ, “ಪಾತಾಳಕ್ಕ ಗ್ವಾಲಿ ಕಳಸ್ತೀರಲಾ, ಒಂದೀಟು ನೀರು ಕಳಸಂತ ಚೀಟಿನೂ ಬರದ ಹಾಕ್ರಿ” ಅಂದಳು. ಬರೆದು ಹಾಕಿದೆವೋ ಇಲ್ಲವೋ, ಈಗ ನೆನಪಿಲ್ಲ. ಹಾಕಿರಬೇಕು.

ಎತ್ತು ಮಾರಿದ ದಿನದ್ದು ಹೇಳುವುದಿಲ್ಲ. ಅಪ್ಪ ಸಂತೆಯಿಂದ ಬರುವಾಗ ಬರೀ ಹಗ್ಗ ಹೆಗಲ ಮೇಲೆ ಇತ್ತು. ಅಷ್ಟು ಸಾಕು.

ಕೂಪನ್ನಿನ ಮೇಲೆ ಕೊಡುತ್ತಿದ್ದುದು ಕೆಂಪುಜೋಳ. ಅಮೆರಿಕಾದಿಂದ ಹಡಗಿನಲ್ಲಿ ಬಂದದ್ದಂತೆ. ಅಲ್ಲಿ ಅದನ್ನು ದನಕ್ಕೆ ಹಾಕುತ್ತಾರಂತೆ ಅಂತ ಊರಿನಲ್ಲಿ ಮಾತು. ಬಿಳಿಜೋಳದ ರೊಟ್ಟಿ ಬಡಿದು ಬಡಿದು ಕೈ ಪಳಗಿದ ಹೆಂಗಸರು ಈ ಹಿಟ್ಟಿನ ಮುಂದೆ ಸೋತುಹೋದರು. ಹಿಟ್ಟಿಗೆ ಜಿಗಿಯೇ ಇಲ್ಲ. ಎಷ್ಟು ಕುದಿ ಎಸರು ಹಾಕಿ ನಾದಿದರೂ ಬಡಿಯುವಾಗ ಅಂಚು ಸೀಳುತ್ತಿತ್ತು, ಹಂಚಿನ ಮೇಲೆ ಹಾಕಿದರೆ ನಡುವೆ ಮುರಿಯುತ್ತಿತ್ತು. ನಮ್ಮ ಚಿಗವ್ವ ಅದಕ್ಕೆ ‘ಬೀಗರ ಜ್ವಾಳ’ ಅಂತ ಹೆಸರಿಟ್ಟಿದ್ದಳು. “ಬೀಗರಂಗ ಬಂದ ಕುಂತೈತಿ. ಬಿಸಿನೀರ ಕೊಟ್ರೂ ಸಿಟ್ಟು, ತಣ್ಣೀರ ಕೊಟ್ರೂ ಸಿಟ್ಟು.” ಕಡೆಗೆ ಅದರ ನುಚ್ಚು ಮಾಡಿ, ಮೇಲೆ ಗುರೆಳ್ಳು ಹಿಂಡಿ ಉದುರಿಸಿ ಉಂಡೆವು. ಗುರೆಳ್ಳು ಮುಗಿದ ಮೇಲೆ ಬರೀ ಕೆಂಪು ಖಾರ.

ಸಾಲೆಯಲ್ಲಿ ಮಾತ್ರ ನಮಗೆ ಮಜಾ ಇತ್ತು. ಕೇರ್ ಸಂಸ್ಥೆಯವರು ಕಳಿಸಿದ ಗೋಧಿ ನುಚ್ಚು, ಡಬ್ಬಿ ಎಣ್ಣೆ. ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ. ಅದರ ಉಪ್ಪಿಟ್ಟಿನ ವಾಸನೆ ಮಧ್ಯಾಹ್ನ ಮಗ್ಗಿ ಹೇಳುವ ಹೊತ್ತಿಗೆ ಕಿಟಕಿಯಿಂದ ಒಳಗೆ ಬಂದರೆ ಹದಿಮೂರರ ಮಗ್ಗಿ ಯಾರಿಗೂ ಬರುತ್ತಿರಲಿಲ್ಲ. ಮಾಸ್ತರಿಗೂ ಹಸಿವು, ಅವರೂ ಹನ್ನೆರಡಕ್ಕೆ ಸಾಕು ಅನ್ನುತ್ತಿದ್ದರು. ತಳ ಹತ್ತಿದ ಚೂರು, ಅದೇ ಎಲ್ಲಕ್ಕಿಂತ ರುಚಿ, ಪಾತೇಲಿ ತಿಕ್ಕುವವರಿಗೆ ಸಲ್ಲುತ್ತಿತ್ತು. ಹಾಗಾಗಿ ಪಾತೇಲಿ ತಿಕ್ಕಲು ನಮ್ಮಲ್ಲಿ ಜಗಳ. ಖಾಲಿ ಚೀಲಗಳನ್ನು ಹೊಲಿದು ಚಡ್ಡಿ ಮಾಡಿಸಿಕೊಂಡ ಹುಡುಗನೊಬ್ಬ ಇದ್ದ. ಅವನ ಕುಂಡೆಯ ಮೇಲೂ ಆ ಎರಡು ಕೈ ಕುಲುಕುತ್ತಿದ್ದವು.

ಈ ಮಾತು ಕೇಳಿ ಕೆಲವರು ‘ಆಗಿನ ಮಂದಿ ಬಡತನದಾಗೂ ಎಷ್ಟು ಸುಖವಾಗಿದ್ದರು’ ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸುಖ ಎಲ್ಲಿಯದು? ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಮಂದಿ ಗೋವಾಕ್ಕೆ, ರತ್ನಾಗಿರಿಗೆ ದುಡಿಯಲು ಹೋಗಿದ್ದರು. ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಹಸಿವು ಯಾರನ್ನೂ ನಗಿಸುವುದಿಲ್ಲ. ಆದರೆ ನಗುವ ಚಟ ಇದ್ದವರು ಹಸಿದರೂ ಆ ಚಟ ಬಿಡಲಿಲ್ಲ, ನಾನು ಕಂಡದ್ದು ಇಷ್ಟೇ.

ಆ ವರ್ಷದ ಎಳ್ಳ ಅಮಾಸೆ ನೆನಪಾಗುತ್ತದೆ. ಒಳ್ಳೆಯ ವರ್ಷದಲ್ಲಾದರೆ ಬಂಡಿ ಕಟ್ಟಿ, ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಹೇರಿಕೊಂಡು ಹೊಲಕ್ಕೆ ಹೋಗಿ, ತೆನೆ ಬಿಟ್ಟ ಜೋಳದ ನಡುವೆ ಚರಗ ಚೆಲ್ಲಿ, ಹೊಟ್ಟೆ ಬಿರಿಯ ಉಂಡು ಅಲ್ಲೇ ಅಡ್ಡಾಗುವ ಹಬ್ಬ. ಈ ಸಲ ಬಂಡಿ ಇದ್ದರೂ ಎತ್ತಿಲ್ಲ, ಹೊಲ ಇದ್ದರೂ ಬೆಳೆಯಿಲ್ಲ. ಕಾಕಾ ಅಂದ, “ಚರಗ ಯಾತಕ್ಕ ಚೆಲ್ಲೂದಬೇ, ಬೆಳಿ ಎಲ್ಲೈತಿ?” ಆಯಿ ಅಂಬಲಿಯ ಗಡಿಗೆ ತಲೆಯ ಮೇಲೆ ಹೊತ್ತುಕೊಂಡೇ ನಿಂತು ಹೇಳಿದಳು: “ಬಸರಿದ್ದಾಗಟ ಭೂಮಿತಾಯಿಗಿ ಉಣಸಿ, ಈಗ ಬರಿಗೈಲೆ ಕುಂತಾಗ ಉಪಾಸ ಕೆಡವತಿಯೇನೋ ಭಾಡ್ಯಾ?” ಕಾಕಾ ಮರುಮಾತಿಲ್ಲದೆ ಚಪ್ಪಲಿ ಮೆಟ್ಟಿದ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರ ಪೂಜೆ ಮಾಡಿ, ಬೀಗರ ಜೋಳದ ನುಚ್ಚನ್ನೇ ಬಿರುಕುಗಳ ಮೇಲೆ ಚೆಲ್ಲಿದೆವು. ನಮಗೆ ಉಳಿದದ್ದು ಒಂದೊಂದು ಹಿಡಿ. ಆಯಿ ಎಲ್ಲಿಯೋ ಬಚ್ಚಿಟ್ಟಿದ್ದ ಬೆಲ್ಲದ ಚೂರು ಸೆರಗಿನ ಗಂಟಿನಿಂದ ತೆಗೆದು ಹಲ್ಲಿನಿಂದ ಕಡಿದು ಹಂಚಿದಳು. ಬೆಲ್ಲಕ್ಕೆ ತಂಬಾಕದ ವಾಸನೆ ಹತ್ತಿತ್ತು. ಎಲ್ಲರೂ ಚೀಪಿದೆವು.

ಅಂದಹಾಗೆ ಖಡಿ. ಸರಕಾರ ಬರಗಾಲದ ಕೆಲಸ ಅಂತ ರಸ್ತೆ ಕೆಲಸ ತೆಗೆದಿತ್ತು. ಬರ ಬಿದ್ದರೆ ಕಲ್ಲು ಒಡೆಸುವುದು ಇಂಗ್ರಜಿಯವರ ಕಾಲದಿಂದ ಬಂದ ಪದ್ಧತಿ. 1876ರ ದೊಡ್ಡ ಬರದಲ್ಲಿ ಮುತ್ತಜ್ಜನೂ ಒಡೆದಿದ್ದನೆಂದು ಆಯಿ ಹೇಳುತ್ತಿದ್ದಳು, ನಮ್ಮ ಮನೆತನದ ವೃತ್ತಿಯೇ ಅದು ಅನ್ನುವ ಹಾಗೆ. ಊರ ಹೊರಗಿನ ದಿಬ್ಬದಲ್ಲಿ ಗಂಡಸರು ಬಂಡೆ ಸೀಳಿ ಕೊಡುವುದು, ಹೆಂಗಸರು ಸಾಲಾಗಿ ಕುಳಿತು ಸಣ್ಣ ಸುತ್ತಿಗೆಯಿಂದ ಖಡಿ ಮಾಡುವುದು. ಬೆರಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳುತ್ತಿದ್ದರು. ಆದರೂ ಚಿಗವ್ವನ ಎಡಗೈ ಹೆಬ್ಬೆರಳು ಆ ವರ್ಷ ಚಪ್ಪಟೆಯಾದದ್ದು ಕೊನೆಯತನಕ ಹಾಗೇ ಉಳಿಯಿತು. ವಾರಕ್ಕೊಮ್ಮೆ ಮಿಸ್ತ್ರಿ ಬಂದು ರಾಶಿ ಅಳೆದು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಅವನ ಅಳತೆಯಲ್ಲಿ ರಾಶಿ ಯಾವಾಗಲೂ ಕುಗ್ಗುತ್ತಿತ್ತು. ಚಿಗವ್ವ ಅಳತೆಗೆ ಮೊದಲು ರಾಶಿಯನ್ನು ಕಾಲಿನಿಂದ ಕೆದರಿ ಉಬ್ಬಿಸುತ್ತಿದ್ದಳು. ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಬೇಸಿಗೆಯಲ್ಲಿ ಹತ್ತಿರದ ದೊಡ್ಡ ಊರಿನ ಜಾತ್ರೆಗೆ ಟೂರಿಂಗ್ ಟಾಕೀಸು ಬಂತು. ಆ ಬರದಲ್ಲಿ ಜಾತ್ರೆ ಏನು ಜಾತ್ರೆ, ನಾಲ್ಕು ಬೆಂಡು ಬತ್ತಾಸಿನ ಅಂಗಡಿ. ಆದರೆ ಡೇರೆಯಲ್ಲಿ ‘ಬಂಗಾರದ ಮನುಷ್ಯ’. ನಮ್ಮ ಅಕ್ಕನನ್ನು ಕೇಳಿದರೆ ಆ ಸಿನೆಮಾ ಬಂದದ್ದು ಮಳೆಯಾದ ಮೇಲೆ, ಮರುವರ್ಷದ ಜಾತ್ರೆಗೆ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಡೇರೆಯೊಳಗೆ ಕುಳಿತು ಚಿಗವ್ವ ಬೆರಳಿನ ಟ್ಯೂಬು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದ್ದು ನನಗೆ ಕಣ್ಣಿಗೆ ಕಟ್ಟಿದೆ. ಮಳೆಯಾದ ಮೇಲೆ ಯಾರು ಬೆರಳಿಗೆ ಟ್ಯೂಬು ಸುತ್ತಿಕೊಂಡಾರು?

ವಾರದ ಪಗಾರ ಬಂದ ಸಂಜೆ ಅದು. ಹೋಗುವುದು ಬೇಡ, ಎಣ್ಣೆ ತರೋಣ ಅಂತ ಅವ್ವ. “ಎಣ್ಣಿ ತಂದ್ರ ಒಗ್ಗರಣಿ ಯಾತಕ್ಕ ಹಾಕ್ತಿ, ನನ್ನ ತಲಿಗೇನು?” ಅಂತ ಚಿಗವ್ವ. ಕೆಲಸ ಬಿಟ್ಟವರು ಮನೆಗೂ ಹೋಗದೆ, ಸೆರಗಿನ ಧೂಳು ಝಾಡಿಸಿಕೊಂಡು ಹಾಗೇ ಹೊರಟರು. ಎರಡು ಹರದಾರಿ ಇದ್ದೀತು ದಾರಿ. ಆಯಿಯೂ ಬಂದಳು, ಸಿನೆಮಾ ನೋಡಲಲ್ಲ, ಜಾತ್ರೆಯ ದೇವರಿಗೆ ಕೈ ಮುಗಿಯಲು ಅಂತ ದಾರಿಯುದ್ದಕ್ಕೂ ಹೇಳುತ್ತ ಬಂದಳು. ದೇವರ ಕಡೆ ತಿರುಗಿಯೂ ನೋಡಲಿಲ್ಲ, ನೆಟ್ಟಗೆ ಡೇರೆಗೆ ನಡೆದಳು. ನೆಲದ ಟಿಕೀಟು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಹಗ್ಗ. ನಾನು ಹೆಂಗಸರ ಕಡೆ.

ಟಿ.ಕೆ. ರಾಮರಾವ್ ಅವರ ಕಾದಂಬರಿ ಅದು, ಸಿದ್ಧಲಿಂಗಯ್ಯ ನಿರ್ದೇಶನ ಮಾಡಿದ್ದು, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು ಅನ್ನುವುದೆಲ್ಲ ನನಗೆ ದೊಡ್ಡವನಾದ ಮೇಲೆ ತಿಳಿದದ್ದು. ಅವತ್ತು ತಿಳಿದದ್ದು ಒಂದೇ. ರಾಜಕುಮಾರ ಕೂಡ ಕಲ್ಲು ಒಡೆಯುತ್ತಾನೆ! ಬರಡು ದಿಬ್ಬದ ಮೇಲೆ ಅವನು ಹಾಡು ಹೇಳುತ್ತ ಬಂಡೆಗೆ ಏಟು ಹಾಕುತ್ತಿದ್ದರೆ ಹೆಂಗಸರ ಕಡೆಯಿಂದ ಒಂದು ನಗೆ ಎದ್ದಿತು ನೋಡಿ, ಗಂಡಸರೆಲ್ಲ ತಿರುಗಿ ನೋಡಿದರು. “ಹಂಗ ಹಿಡದ್ರ ಸಂಜೀಕ ಕೈತುಂಬ ಬೊಬ್ಬಿ ಏಳತಾವೋ ತಮ್ಮಾ!” ಅಂತ ಒಬ್ಬಳು. “ಟ್ಯೂಬ್ ಸುತ್ತಗೋ ಯಪ್ಪಾ!” ಅಂತ ಚಿಗವ್ವ ಪರದೆಗೇ ಕೂಗಿದಳು. ಬೊಬ್ಬೆಯ ವಿಷಯದಲ್ಲಿ ಅವರಿಗೆ ಯಾರೂ ಎದುರಾಡುವ ಹಾಗಿರಲಿಲ್ಲ. ನಾಡಿನ ದೊಡ್ಡ ನಟನಿಗಿಂತ ಹೆಚ್ಚು ತಿಳಿದವರು ಅಲ್ಲಿ ನೆಲದ ಮೇಲೆ ಕುಳಿತಿದ್ದರು.

ಆಮೇಲೆ ಆ ದಿಬ್ಬವೆಲ್ಲ ಹಸಿರಾಯಿತು. ಬಣ್ಣದ ಸಿನೆಮಾ. ಪರದೆಯ ತುಂಬ ಬೆಳೆ, ಗಾಳಿಗೆ ತೂಗುವ ಬೆಳೆ. ಡೇರೆಯೊಳಗೆ ಮಾತು ನಿಂತಿತು. ಒಂದು ವರ್ಷದ ಮೇಲಾಗಿತ್ತಲ್ಲ ನಾವು ಅಷ್ಟು ಹಸಿರು ಕಂಡು. ಗಂಡಸರ ಕಡೆಯಿಂದ ಯಾರೋ ಎದ್ದು ನಿಂತು, “ಏ ಆಪರೇಟರ್, ಅದೊಂದ ಇನ್ನೊಮ್ಮಿ ತೋರಸೋ!” ಅಂದ. ಕೂಡು ಕೂಡು ಅಂತ ಯಾರೂ ಬೈಯಲಿಲ್ಲ. ಎಲ್ಲರೂ ಸೇರಿ ಕೂಗಿದರು. ಆಪರೇಟರ್ ತೋರಿಸಲಿಲ್ಲ.

ಗೂಳಿ ಹಾಯ್ದು ಸಿನೆಮಾದ ನಾಯಕಿ ಲಕ್ಷ್ಮಿ ಸಾಯುವಾಗ ಡೇರೆಯಲ್ಲಿ ಒಂದೇ ಅಳು. ಆಯಿ ಮಾತ್ರ ಅಳಲಿಲ್ಲ. ಕತ್ತು ಚಾಚಿ ಗೂಳಿಯನ್ನೇ ನೋಡುತ್ತಿದ್ದಳು. “ಮೈ ಹೆಂಗ ತುಂಬೇತಿ ನೋಡ. ಹಸಿ ಮೇವು ತಿಂದ ದನ ಅದು” ಅಂತ ಅಪ್ಪನಿಗೆ ಹಗ್ಗದ ಮೇಲಿಂದ ಬಗ್ಗಿ ಹೇಳಿದಳು. ಅಪ್ಪ ಹೂಂ ಅಂದ. ಬರುವಾಗ ದಾರಿಯಲ್ಲಿಯೂ ಅವರಿಬ್ಬರು ಆ ಗೂಳಿಯ ಹಲ್ಲು, ಹಿಣಿಲು, ಯಾವ ಸೀಮೆಯದು, ಸಂತೆಯಲ್ಲಿ ಏನು ಬೆಲೆ ಬಾಳೀತು, ಇದೇ ಮಾತು. ಎತ್ತು ಮಾರಿದಾಗಿನಿಂದ ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಊರು ಮುಟ್ಟುವಾಗ ಮೂಡಲ ಬೆಳ್ಳಗಾಗಿತ್ತು. ಮನೆಗೆ ಹೋದರೆ ನಿದ್ದೆ ಹತ್ತುತ್ತದೆ ಅಂತ ಹೆಂಗಸರು ನೆಟ್ಟಗೆ ದಿಬ್ಬಕ್ಕೆ ಹೋದರು. ಅಲ್ಲಿ ಹೋಗಿ ನಿದ್ದೆ ಮಾಡಿದರು. ಮಿಸ್ತ್ರಿ ಯಾಕೋ ಅವತ್ತು, ಅಳತೆಯ ದಿನವಲ್ಲದಿದ್ದರೂ, ಸೈಕಲ್ ತುಳಿದುಕೊಂಡು ಬಂದ. ಚಿಗವ್ವ ಖಡಿ ರಾಶಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಳು.

“ಏನವಾ ಇದು, ನಿನ್ನಿ ಇದ್ದ ರಾಶಿನ ಐತಿ?”

ಅವಳು ಕಣ್ಣು ತೆರೆಯದೆಯೇ ಹೇಳಿದಳು: “ರಾತ್ರಿಯೆಲ್ಲಾ ಒಡದೀವ್ರಿ ಸಾಹೇಬ್ರ. ಆ ರಾಶಿ ಜಾತ್ರಿ ಡೇರೇದಾಗ ಐತಿ. ರಾಜಕುಮಾರ ಅಂತ ಹೆಸರ ಬರಕೋರಿ.”

ಮಿಸ್ತ್ರಿ ಸಿಟ್ಟು ಮಾಡಬೇಕೆಂದು ಹುಬ್ಬು ಗಂಟು ಹಾಕಿದ, ಆಗಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಂದು ಬಂಡೆಯ ಮೇಲೆ ಕುಳಿತ. ಅವನಿನ್ನೂ ನೋಡಿರಲಿಲ್ಲ. “ಹಂಗಾರ ಕತಿ ಹೇಳು ನೋಡೋಣ” ಅಂದ. ಚಿಗವ್ವ ಎದ್ದು ಕುಳಿತು, ಎಲೆ ಅಡಿಕೆ ಹಾಕಿಕೊಂಡು ಶುರು ಮಾಡಿದಳು. ಬಿಸಿಲು ಏರುವತನಕ ಹೇಳಿದಳು, ಸುತ್ತ ಕೂತವರು ಖಡಿ ಒಡೆಯುತ್ತ ಕೇಳಿದರು. ನಿಜವಾದ ಸಿನೆಮಾದಲ್ಲಿ ನಾಯಕ ರಾಜೀವ ಮನೆ ಬಿಟ್ಟು ಒಬ್ಬನೇ ನಡೆದು ಹೋಗುತ್ತಾನೆ. ಚಿಗವ್ವನ ಕಥೆಯಲ್ಲಿ ಅವನು ಊರ ಅಗಸಿಯಿಂದಲೇ ತಿರುಗಿ ಬಂದು, ಅಣ್ಣನ ಮಗನ ಕಪಾಳಕ್ಕೆ ಎರಡು ಬಿಟ್ಟು, ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಿ, ಹಾಲು ಮೊಸರಿನಲ್ಲಿ ಕೈ ತೊಳೆಯುತ್ತ ಉಳಿದ. ಅಣ್ಣನ ಮಗನೋ ಅಕ್ಕನ ಮಗನೋ ಅನ್ನುವ ಗೊಡವೆಗೂ ಅವಳು ಹೋಗಲಿಲ್ಲ. ಅವ್ವ ಬಾಯಿ ತೆರೆದಳು. ಆಯಿ ಕಣ್ಣು ಹೊಡೆದು ಸುಮ್ಮನಾಗಿಸಿದಳು.

ಮುಂದಿನ ವಾರ ಅಳತೆಗೆ ಬಂದ ಮಿಸ್ತ್ರಿ ತಾನೂ ಡೇರೆಗೆ ಹೋಗಿ ನೋಡಿ ಬಂದಿದ್ದ. “ಎಲ್ಲಿ ಎಮ್ಮಿ, ಎಲ್ಲಿ ಹಾಲು? ಅಂವ ಹೋಗೇ ಬಿಡ್ತಾನಲ್ಲವಾ” ಅಂತ ಜಗಳಕ್ಕೆ ನಿಂತ.

“ನೀವು ಮೊದಲನೇ ಆಟಕ್ಕ ಹೋಗಿರಬೇಕ್ರಿ” ಅಂದಳು ಚಿಗವ್ವ, ಕಾಲಿನಿಂದ ರಾಶಿ ಉಬ್ಬಿಸುತ್ತ. “ನಾವು ನೋಡಿದ್ದು ಎರಡನೇ ಆಟ.”